ಅಳತೆ ತಗೊಂಡ್ರಿ, ಅಂಗಿ ಯಾವಾಗ?

‘ಪ್ರಿಸಿಶನ್ ಮೆಡಿಸಿನ್’ಗೆ ಕನ್ನಡದಲ್ಲಿ ಏನನ್ನಬೇಕು? ‘ನಿಖರ ಔಷಧ’ ಅಂತ ಪತ್ರಿಕೆಗಳಲ್ಲಿ ಬರೀತಾರೆ. ‘ನಿಖರ ವೈದ್ಯಕೀಯ’ ಅಂತಲೂ ಓದಿದ್ದೇನೆ. ಎರಡೂ ತಪ್ಪಲ್ಲ. ಆದರೆ ನಮ್ಮ ಹಲಸೂರಿನಲ್ಲಿ ಹೂವು ಮಾರುವ ಅಕ್ಕ ಒಬ್ಬರಿದ್ದಾರೆ. ಅವರಿಗೆ ಈ ಪದ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಇಷ್ಟು ದಿನ ಕೊಟ್ಟಿದ್ದು ಅಂದಾಜು ಔಷಧಾನಾ?"

ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಅಕ್ಕ ಹೇಳಿದ್ದು ಬಹಳ ಮಟ್ಟಿಗೆ ನಿಜವೇ. ಬಿಪಿಗೆ ಒಂದು ಮಾತ್ರೆ ಕೊಡ್ತಾರೆ, ಹದಿನೈದು ದಿನ ಬಿಟ್ಟು ಬನ್ನಿ ಅಂತಾರೆ, ಆಗಲಿಲ್ಲ ಅಂದರೆ ಬೇರೆ ಮಾತ್ರೆ. ಯಾರ ಮೈಗೆ ಯಾವುದು ಒಗ್ಗುತ್ತದೆ ಅಂತ ಮೊದಲೇ ತಿಳಿಯೋ ಹಾಗಿದ್ದರೆ? ಆ ಪ್ರಯತ್ನಕ್ಕೇ ಈ ದೊಡ್ಡ ಹೆಸರು.

ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಅನುವಾದ ನನ್ನ ಹೊಟ್ಟೆಪಾಡು. ಯಾರಾದರೂ ಜನರಿಂದ ರಕ್ತ ತೆಗೆದುಕೊಂಡು ಸಂಶೋಧನೆ ಮಾಡಬೇಕಾದರೆ ಮೊದಲು ಒಂದು ಮಾಹಿತಿ ಪತ್ರ, ಒಂದು ಒಪ್ಪಿಗೆ ಪತ್ರ ಕೊಡಬೇಕು. ಅದು ಆ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ, ಹೊಸ ಔಷಧಗಳ ಪ್ರಯೋಗದ 2019ರ ನಿಯಮಗಳೂ ಇದನ್ನೇ ಹೇಳುತ್ತವೆ. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಆ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಬರುತ್ತಿರುವ ಪತ್ರಗಳಲ್ಲಿ ಜೀನು, ಜೀನೋಮು, ಡಿಎನ್ಎ ಇಲ್ಲದ್ದೇ ಅಪರೂಪ.

ಈ ಕೆಲಸದ ಒಂದು ವಿಚಿತ್ರ ಹೇಳ್ತೀನಿ. ನಾನು ಕನ್ನಡ ಮಾಡಿಕೊಟ್ಟ ಮೇಲೆ ಬೇರೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡುತ್ತಾರೆ. ಮೊದಲಿನ ಇಂಗ್ಲಿಷೂ ಈ ಇಂಗ್ಲಿಷೂ ಹೊಂದಿಕೆಯಾದರೆ ಪಾಸು. ಕೇಳೋಕೆ ಚೆನ್ನಾಗಿದೆ. ಆದರೆ ಇದರಿಂದ ಆಗುವುದೇನು? ‘ಯಾದೃಚ್ಛಿಕ’ ಅಂತ ಬರೆದರೆ ವಾಪಸ್ಸು ಸರಿಯಾದ ಇಂಗ್ಲಿಷ್ ಪದವೇ ಬರುತ್ತದೆ, ಪಾಸು. ‘ಯಾರಿಗೆ ಯಾವ ಗುಂಪು ಅನ್ನೋದನ್ನ ಡಾಕ್ಟರು ಆರಿಸೋದಿಲ್ಲ, ಕಂಪ್ಯೂಟರು ಕಣ್ಣುಮುಚ್ಚಿ ಎತ್ತುತ್ತದೆ’ ಅಂತ ಬರೆದರೆ ಪ್ರಶ್ನೆ ಬರುತ್ತದೆ, ಕಂಪ್ಯೂಟರಿಗೆ ಕಣ್ಣು ಎಲ್ಲಿಂದ ಬಂತು ಅಂತ! ಹಾಗಾಗಿ ಒಬ್ಬ ಅನುವಾದಕನಿಗೆ ಮಾತ್ರ ಅರ್ಥವಾಗುವ ಕನ್ನಡವನ್ನು ಇನ್ನೊಬ್ಬ ಅನುವಾದಕ ಬರೆಯುತ್ತಾನೆ. ನಡುವೆ ಸಹಿ ಹಾಕುವ ಮನುಷ್ಯ ಎಲ್ಲೂ ಬರುವುದೇ ಇಲ್ಲ.

ಅದಕ್ಕೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕರಡು ಮುಗಿದ ಮೇಲೆ, ಯಾರ ಅಧ್ಯಯನ, ಯಾವ ಔಷಧ ಅನ್ನುವುದನ್ನೆಲ್ಲ ತೆಗೆದು, ನಾಲ್ಕು ಸಾಲನ್ನು ನಮ್ಮ ಕಡೆಯ ಜನಕ್ಕೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ನೀವು ನಮ್ಮ ಕಡೆ ಬಂದಿದ್ದರೆ ಗೊತ್ತಿರುತ್ತದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ದಂಡನ್ನು ಇಲ್ಲಿಗೆ ತಂದಾಗಿನಿಂದ ಈ ಭಾಗ ಬೇರೆಯೇ. ಸಿಪಾಯಿಗಳ ಹಿಂದೆ ತಮಿಳರು ಬಂದರು, ಅಂಗಡಿ ಇಡಲು ತೆಲುಗಿನ ಶೆಟ್ಟರು ಬಂದರು, ಶಿವಾಜಿನಗರದಲ್ಲಿ ದಖ್ಖನಿ ಮಾತಾಡುವ ಸಾಬರು ಮೊದಲಿನಿಂದಲೂ ಇದ್ದಾರೆ. ದಂಡು ಪ್ರದೇಶ ಪೇಟೆ ಬೆಂಗಳೂರಿನ ಜೊತೆ ಒಂದೇ ಕಾರ್ಪೊರೇಷನ್ನಿಗೆ ಸೇರಿದ್ದು 1949ರಲ್ಲಿ. ಇಲ್ಲಿ ‘ಕನ್ನಡ ಪ್ರತಿ’ಯನ್ನು ಕೈಗೆ ತೆಗೆದುಕೊಳ್ಳುವವರಲ್ಲಿ ಎಷ್ಟೋ ಜನ ಮನೆಯಲ್ಲಿ ಬೇರೆ ಭಾಷೆ ಮಾತಾಡುತ್ತಾರೆ. ತಮಿಳು ಮಾತಾಡುತ್ತಾರೆ, ತಮಿಳು ಓದಲು ಬರುವುದಿಲ್ಲ. ಸ್ಕೂಲಲ್ಲಿ ಕಲಿತದ್ದು ಕನ್ನಡ ಇಲ್ಲವೇ ಇಂಗ್ಲಿಷು. ಇಂಥವರಿಗೆ ತಮಿಳು ಪ್ರತಿ ಕೊಟ್ಟರೆ ಓದಲು ಬಾರದು, ಪುಸ್ತಕದ ಕನ್ನಡ ಕೊಟ್ಟರೆ ತಿಳಿಯದು. ಬೌರಿಂಗ್ ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದೇ ವಾಕ್ಯದಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತವೆ. ಅದೇ ಇಲ್ಲಿಯ ಕನ್ನಡ. ಕೇಳಿ ಕೇಳಿ ನನಗೇನೂ ಬೇಜಾರಿಲ್ಲ.

ಓದಿ ಹೇಳಿದಾಗ ಸಿಕ್ಕ ಕೆಲವು ಮುತ್ತುಗಳು:

‘ನಿಮ್ಮ ಮಾದರಿಯನ್ನು ಅನಾಮಧೇಯವಾಗಿ ಇಡಲಾಗುವುದು.’ ನಿವೃತ್ತ ಗುಮಾಸ್ತರೊಬ್ಬರು ತಕ್ಷಣ, "ಅನಾಮಧೇಯ ಅಂದ್ರೆ ಮೂಗರ್ಜಿ ಅಲ್ವಾ ಸಾರ್? ಯಾರ ಮೇಲೆ?" ಅಂದರು. ಅವರ ಸರ್ವೀಸಿನಲ್ಲಿ ಆ ಪದ ಬರುತ್ತಿದ್ದದ್ದು ಅಲ್ಲಿ ಮಾತ್ರ. ಈಗ ನಾನು ‘ನಿಮ್ಮ ಹೆಸರು ತೆಗೆದು ಬರೀ ಒಂದು ನಂಬರ್ ಹಾಕುತ್ತೇವೆ’ ಅಂತಲೇ ಬರೆಯುವುದು.

‘ನಿಮ್ಮ ಡೇಟಾವನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳಬಹುದು.’ ಇದಕ್ಕೆ ಪಕ್ಕದ ಮನೆಯ ಹುಡುಗ, "ನಂದೇ ದಿನಕ್ಕೆ ಒಂದೂವರೆ ಜಿಬಿ, ಸಾಕಾಗಲ್ಲ, ಇನ್ನು ಹಂಚೋದು ಎಲ್ಲಿಂದ" ಅಂದ :-)

‘ನೀವು ರೋಗವಾಹಕರಾಗಿರಬಹುದು.’ ಇದು ಮಾತ್ರ ತಮಾಷೆಯಲ್ಲ. ಜೀನಿನ ಮಾತಿನಲ್ಲಿ ಕ್ಯಾರಿಯರ್ ಅಂದರೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವವರು. ಅವರಿಗೆ ಕಾಯಿಲೆ ಇಲ್ಲ, ಇನ್ನೊಬ್ಬರಿಗೆ ಅಂಟಿಸುವುದೂ ಇಲ್ಲ. ಆದರೆ ಕನ್ನಡದಲ್ಲಿ ರೋಗವಾಹಕ ಅಂದರೆ ಸೊಳ್ಳೆ! ಹಳೇ ಮದ್ರಾಸ್ ರಸ್ತೆಯಲ್ಲಿ ಇಂದಿರಾನಗರದ ಹತ್ತಿರ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಇದೆಯಲ್ಲ, ನಮ್ಮ ಕಡೆಯ ಹಳಬರು ಅದನ್ನು ಈಗಲೂ ‘ಐಸೋಲೇಷನ್ ಆಸ್ಪತ್ರೆ’ ಅಂತಲೇ ಕರೆಯುವುದು. ‘ವಾಹಕ’ ಅಂದ ಕೂಡಲೇ ಅವರ ತಲೆಗೆ ಬರುವುದು ಆ ಗೇಟು. ಇಂಥ ಪದವನ್ನು ಒಬ್ಬ ಹುಡುಗಿಯ ರಿಪೋರ್ಟಿನ ಮೇಲೆ ಬರೆದು ಕಳಿಸಿದರೆ ಏನಾಗುತ್ತದೆ ಅಂತ ಊಹಿಸಿ.

‘ವಂಶವಾಹಿ ದೋಷ’ ಇನ್ನೂ ಕೆಟ್ಟದ್ದು. ದೋಷ ಅಂದರೆ ನಮಗೆ ಕುಜದೋಷ, ಸರ್ಪದೋಷ. ಅದಕ್ಕೆ ಪರಿಹಾರ ಉಂಟು, ಪೂಜೆ ಉಂಟು. ಬೇರೊಬ್ಬರು ಮಾಡಿದ ಅನುವಾದ ತಿದ್ದಲು ಬಂದಾಗ ನಾನು ಮೊದಲು ಹುಡುಕಿ ಹೊಡೆದುಹಾಕುವ ಪದ ಇದು.

ಕೆ.ಆರ್. ಪುರಂ ಕಡೆ ಹೋದರೆ ಕನ್ನಡವೇ ಬೇರೆ. ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು ಅಲ್ಲಿ ಶೆಡ್ಡು ಹಾಕಿಕೊಂಡಿರುತ್ತಾರೆ. ಅವರಿಗೆ ‘ಕಾಯಿಲೆ’ಗಿಂತ ‘ಜಡ್ಡು’ ಬೇಗ ತಿಳಿಯುತ್ತದೆ. ‘ನಿಮ್ಮ ಮನೇಲಿ ಯಾರಿಗಾದರೂ ಈ ಕಾಯಿಲೆ ಇತ್ತಾ’ ಅಂತ ಕೇಳಿದರೆ ‘ಇಲ್ರಿ’ ಅನ್ನುತ್ತಾರೆ. ಯಾಕೆಂದರೆ ‘ಮನಿ’ ಅಂದರೆ ಇಲ್ಲಿರುವ ಶೆಡ್ಡು, ಗಂಡ ಹೆಂಡತಿ ಎರಡು ಮಕ್ಕಳು. ‘ನಿಮ್ಮ ಅವ್ವ ಅಪ್ಪ, ಕಾಕಾ, ಸೋದರಮಾವ, ಯಾರಿಗರ ಹಿಂಗ ಆಗಿತ್ತೇನ್ರಿ’ ಅಂತ ಬಿಡಿಸಿ ಕೇಳಿದರೆ ಒಂದೊಂದೇ ಹೊರಗೆ ಬರುತ್ತದೆ. ಒಂದೇ ರಾಜ್ಯಕ್ಕೆ ಒಂದೇ ಕನ್ನಡ ಪ್ರತಿ ಸಾಕು ಅನ್ನುವವರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಬೇಕು.

ಇನ್ನು ಲೆಕ್ಕದ ವಿಷಯ. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆಗಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಕೇಳಿದ ಹೂವಿನ ಅಕ್ಕ, "ಒಂದಕ್ಕೆ ಬಂದುಬಿಟ್ರೆ ಮಿಕ್ಕಿದ ಮೂರು ಸೇಫ್" ಅಂದರು. ಯಾಕೆ ಹಾಗಂದರು ಅಂತ ಆಮೇಲೆ ಹೊಳೆಯಿತು. ಅಕ್ಕ ತಿಂಗಳ ಚೀಟಿ ಹಾಕುತ್ತಾರೆ. ಚೀಟಿಯಲ್ಲಿ ಒಂದು ಸಲ ನಿಮ್ಮ ಹೆಸರು ಎತ್ತಿದರೆ ಮುಗಿಯಿತು, ಮುಂದಿನ ತಿಂಗಳು ಆ ಹೆಸರು ಡಬ್ಬಿಯಲ್ಲಿ ಇರುವುದಿಲ್ಲ. ಹಾಗಾಗಿ ‘ಚೀಟಿ ಎತ್ತಿದ ಹಾಗೆ’ ಅನ್ನುವ ಹೋಲಿಕೆ ಇಲ್ಲಿ ಕೆಲಸಕ್ಕೆ ಬಾರದು, ದಾರಿ ತಪ್ಪಿಸುತ್ತದೆ. ಎರಡು ನಾಣ್ಯ ಚಿಮ್ಮುವುದು ಒಳ್ಳೆಯದು. ಎರಡೂ ಅಂಕಿ ಬಿದ್ದರೆ ಕಾಯಿಲೆ. ಮುಂದಿನ ಹೆರಿಗೆಗೆ ಮತ್ತೆ ಅದೇ ಎರಡು ನಾಣ್ಯ. ಅಕ್ಕ ಎರಡು ನಾಣ್ಯ ತೆಗೆದು ಹೂವಿನ ಬುಟ್ಟಿಯ ಮೇಲೆ ಏಳೆಂಟು ಸಲ ಚಿಮ್ಮಿ ನೋಡಿದರು. ಎರಡು ಸಲ ಸಾಲಾಗಿ ಅಂಕಿ ಅಂಕಿ ಬಿದ್ದಾಗ ಸುಮ್ಮನಾದರು.

ನನ್ನ ಎಲ್ಲ ಪರೀಕ್ಷೆಗಳಲ್ಲೂ ತಪ್ಪದೆ ಬರುವ ಪ್ರಶ್ನೆ ಮಾತ್ರ ಬೇರೆ. ಕನ್ನಡ, ತಮಿಳು, ದಖ್ಖನಿ, ಯಾವ ಭಾಷೆಯವರಾದರೂ ಸರಿ, ಕೊನೆಗೆ ಕೇಳುವುದು: "ರಿಪೋರ್ಟು ಯಾವಾಗ ಕೊಡ್ತಾರೆ?"

ಶಿವಾಜಿನಗರದಲ್ಲಿ ಒಬ್ಬರು ಹಿರಿಯ ಟೈಲರ್ ಇದ್ದಾರೆ, ನಾನು ಚಾಚಾ ಅನ್ನುವುದು. ಅವರಿಗೆ ಅವರ ಕಸುಬಿನ ಮಾತಲ್ಲೇ ಹೇಳೋಣ ಅಂತ, "ಈಗಿನ ಔಷಧ ರೆಡಿಮೇಡ್ ಇದ್ದ ಹಾಗೆ ಚಾಚಾ, ಇನ್ನು ಮುಂದೆ ಅಳತೆ ತಗೊಂಡು ಹೊಲಿದ ಹಾಗೆ" ಅಂದೆ. ವೈದ್ಯರು, ಪತ್ರಕರ್ತರು ಎಲ್ಲರೂ ಬಳಸುವ ಹೋಲಿಕೆಯೇ ಇದು. ಚಾಚಾ ಕತ್ತರಿ ಕೆಳಗಿಟ್ಟು, "ಸರಿ ಸಾರ್. ಅಳತೆ ತಗೊಂಡ್ರಿ. ಅಂಗಿ ಯಾವಾಗ?" ಅಂದರು.

ಇಡೀ ವಿಷಯದ ಗಂಟು ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ರಕ್ತ ಕೊಟ್ಟವರಿಗೆ ಅದು ‘ಟೆಸ್ಟು’. ಟೆಸ್ಟ್ ಅಂದ ಮೇಲೆ ರಿಪೋರ್ಟ್ ಇರಬೇಕು, ರಿಪೋರ್ಟ್ ನೋಡಿ ಡಾಕ್ಟರು ಮಾತ್ರೆ ಬರೆಯಬೇಕು. ಸಂಶೋಧನೆ ಮಾಡುವವರಿಗೆ ಅದು ಹತ್ತು ಸಾವಿರ ಮಾದರಿಗಳಲ್ಲಿ ಒಂದು. ಅಳತೆ ನಿಮ್ಮದು, ಅಂಗಿ ಸಿಗುವುದು ಎಷ್ಟೋ ವರ್ಷಗಳ ಮೇಲೆ, ಬಹುಶಃ ನಿಮ್ಮ ಮೊಮ್ಮಕ್ಕಳಿಗೆ, ಬಹುಶಃ ಯಾರಿಗೂ ಇಲ್ಲ. ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದರೆ ಜನ ರಕ್ತ ಕೊಡುವುದಿಲ್ಲ ಅನ್ನುವ ಭಯ ಕೆಲವರಿಗಿದೆ. ನನ್ನ ಅನುಭವ ಬೇರೆ. ‘ಇದರಿಂದ ನಿಮಗೆ ಈಗ ಯಾವ ಲಾಭವೂ ಇಲ್ಲ, ರಿಪೋರ್ಟ್ ಕೊಡುವುದಿಲ್ಲ’ ಅನ್ನುವ ಮಾತನ್ನು ಏಳನೇ ಪುಟದಿಂದ ಮೊದಲನೇ ಪುಟಕ್ಕೆ ತರಬೇಕು ಅಂತ ಒಮ್ಮೆ ಕೆಲಸ ಕೊಟ್ಟ ಸಂಸ್ಥೆಯ ಜೊತೆ ಜಗಳವಾಡಿದ್ದೆ. (ಆಮೇಲೆ ಅವರಿಂದ ಕೆಲಸ ಬರಲಿಲ್ಲ. ಹೋಗಲಿ ಬಿಡಿ.) ಚಾಚಾಗೆ ಅದೇ ಮಾತನ್ನು ನೇರವಾಗಿ ಹೇಳಿದಾಗ ಅವರು, "ಹಂಗಾದ್ರೆ ಅದು ಖೈರಾತು. ಖೈರಾತು ಅಂತ ಹೇಳಿ ಕೇಳಿದ್ರೆ ಕೊಡ್ತೀವಿ" ಅಂದರು. ದಾನ ಅಂತ ಹೇಳಿ ಕೇಳಿದರೆ ಕೊಡಬಹುದು, ಟೆಸ್ಟು ಅಂತ ಹೇಳಿ ತೆಗೆದುಕೊಂಡರೆ ಅದು ಬೇರೆ.

ಹಾಗಂತ ಈ ಸಂಶೋಧನೆಯೇ ಬೇಡ ಅನ್ನುವವನು ನಾನಲ್ಲ. ನಮ್ಮವರಿಗೇ ಇದು ಹೆಚ್ಚು ಬೇಕು. ಜಗತ್ತಿನಲ್ಲಿ ಇದುವರೆಗೆ ನಡೆದ ಜೀನ್ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದ ಜನರ ಮೇಲೆ ನಡೆದದ್ದು. ಒಂದು ಉದಾಹರಣೆ ನೋಡಿ. ಹಾರ್ಟಿಗೆ ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಕ್ಲೋಪಿಡೋಗ್ರೆಲ್ ಅನ್ನುವ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ತಾನಾಗಿ ಏನೂ ಮಾಡುವುದಿಲ್ಲ, ಲಿವರಿನ ಒಂದು ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಅದಕ್ಕೆ ಕಸುವು ಬರುವುದು. ಕೆಲವರಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಿಗೆ ಮಾತ್ರೆ ನುಂಗಿದರೂ ಅಷ್ಟಕ್ಕಷ್ಟೇ. ಅಮೆರಿಕದ ಎಫ್‌ಡಿಎ 2010ರಲ್ಲೇ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಈ ಕೊರತೆ ಯುರೋಪಿನವರಿಗಿಂತ ನಮ್ಮ ಕಡೆಯವರಲ್ಲೇ ಹೆಚ್ಚು. ನಮ್ಮ ಬೀದಿಯಲ್ಲೇ ಆ ಮಾತ್ರೆ ನುಂಗುವವರು ಎಷ್ಟು ಜನ!

ನಮ್ಮ ದೇಶದ್ದೇ ಲೆಕ್ಕ ಬೇಕು ಅಂತ 2020ರಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ ಶುರುವಾಯಿತು. ಇಪ್ಪತ್ತು ಸಂಸ್ಥೆಗಳು ಸೇರಿ ಮಾಡಿದ ಆ ಕೆಲಸಕ್ಕೆ ನಡುಗಂಬ ನಮ್ಮ ಬೆಂಗಳೂರಿನದೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಹತ್ತು ಸಾವಿರ ಜನರ ಪೂರ್ತಿ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಅದೇ ಸಂಸ್ಥೆ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಯವರ ಮಿದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ನಮ್ಮ ಹಳೇ ಮದ್ರಾಸ್ ರಸ್ತೆಯಲ್ಲೇ ಕೆ.ಆರ್. ಪುರಂ ದಾಟಿ ನೇರ ಹೋದರೆ ಕೋಲಾರ, ಅಲ್ಲಿಂದ ಮುಂದೆ ಶ್ರೀನಿವಾಸಪುರ. ಅಲ್ಲಿ ಕನ್ನಡದ ಜೊತೆ ತೆಲುಗೂ ಬೇಕು. ಇಂಥ ಅಧ್ಯಯನದಲ್ಲಿ ಒಂದು ಸಲ ಸಹಿ ಹಾಕಿಸಿಕೊಂಡು ಓಡಿಬರಲು ಆಗುವುದಿಲ್ಲ. ಮತ್ತೆ ಅದೇ ಮನೆಗೆ ಹೋಗಬೇಕು, ಮೊದಲ ಸಲ ಆಡಿದ ಮಾತು ಆಗಲೂ ನಿಲ್ಲಬೇಕು.

ಮಾತು ನಿಲ್ಲುವುದು ಕಷ್ಟ, ಯಾಕೆಂದರೆ ವಿಜ್ಞಾನವೇ ನಿಲ್ಲುವುದಿಲ್ಲ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತಿತರರು ಒಂದು ದೊಡ್ಡ ವಿಷಯ ಪ್ರಕಟಿಸಿದರು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿ ಇದೆ, ಅವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ. 2018ರಲ್ಲಿ ಇನ್ನೊಂದು ಅಧ್ಯಯನ ಬಂತು. ಆ 25 ಅಕ್ಷರ ಇಲ್ಲದವರೆಲ್ಲರಿಗೂ ಅಪಾಯ ಒಂದೇ ಅಲ್ಲ, ಅದರ ಜೊತೆ ಇನ್ನೊಂದು ಬದಲಾವಣೆಯೂ ಇರುವ ಸಣ್ಣ ಗುಂಪೊಂದಿದೆ, ಲಕ್ಷ್ಯ ಕೊಡಬೇಕಾದ್ದು ಅವರ ಕಡೆ ಅಂತ ಅದು ತೋರಿಸಿತು. ವಿಜ್ಞಾನ ನಡೆಯುವುದೇ ಹೀಗೆ. ಆದರೆ ಮೊದಲ ಸುದ್ದಿ ಕೇಳಿ ಹೆದರಿದವರಿಗೆ ಎರಡನೇ ಸುದ್ದಿ ಹೇಳಿದವರು ಯಾರು?

ಈ ಮಾತು ಬಂದಾಗೆಲ್ಲ ನನಗೆ ಹಂದಿಗೋಡು ನೆನಪಾಗುತ್ತದೆ. ಸಾಗರ ತಾಲೂಕಿನ ಹಳ್ಳಿ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ದಲಿತ ಕೂಲಿ ಕುಟುಂಬಗಳಲ್ಲಿ ಕೀಲು ನೋವು, ಸೊಂಟ ನೋವು, ನಡೆಯಲಾಗದ ಸ್ಥಿತಿ ಕಾಣಿಸಿತು. ಮೊದಲು ಹೇಳಿದ್ದು ಗದ್ದೆಯ ಏಡಿ ತಿಂದದ್ದರಿಂದ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯಲ್ಲಿ ಸೇರಿರಬೇಕು ಅಂತ. ಆಮೇಲೆ ಅದು ಅನುವಂಶೀಯ ಅಂತ ಗೊತ್ತಾಯಿತು. ಆ ಜನರ ಕಡೆಯಿಂದ ಯೋಚಿಸಿ. ಒಮ್ಮೆ ನಿಮ್ಮ ಊಟ ಸರಿಯಿಲ್ಲ ಅಂದರು. ಆಮೇಲೆ ನಿಮ್ಮ ರಕ್ತವೇ ಸರಿಯಿಲ್ಲ ಅಂದ ಹಾಗಾಯಿತು. ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ಇವತ್ತಿಗೂ ಆ ಊರಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಕಾಯಿಲೆಯೇ.

ಇಷ್ಟೆಲ್ಲ ಹೇಳಿದ ಮೇಲೆ, ಅಂಗಿ ನಿಜವಾಗಿ ಹೊಲಿದು ಕೈಗೆ ಬಂದ ಒಂದು ಸಂಗತಿಯನ್ನೂ ಹೇಳಬೇಕು. ಅದು ನಮ್ಮ ಬೀದಿಯದೇ.

ಆಪರೇಷನ್ ಮಾಡುವಾಗ ಅರಿವಳಿಕೆಯ ಡಾಕ್ಟರು ಗಂಟಲಿಗೆ ನಳಿಗೆ ಇಳಿಸಲು ಸ್ನಾಯುಗಳನ್ನು ಸಡಿಲ ಮಾಡುವ ಒಂದು ಇಂಜೆಕ್ಷನ್ ಕೊಡುವುದುಂಟು, ಸಕ್ಸಿನೈಲ್‌ಕೋಲಿನ್ ಅಂತ. ಆಸ್ಪತ್ರೆಯವರ ಬಾಯಲ್ಲಿ ‘ಸ್ಕೋಲಿನ್’. ಕೆಲವೇ ನಿಮಿಷ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ, ಆಮೇಲೆ ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಅನ್ನುವ ಕಿಣ್ವ ಔಷಧವನ್ನು ಒಡೆದುಹಾಕಿ ಉಸಿರು ತಾನಾಗಿ ವಾಪಸ್ಸು ಬರುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ನಿಮಿಷಗಳ ಬದಲು ಗಂಟೆಗಟ್ಟಲೆ ಉಸಿರು ಬರುವುದಿಲ್ಲ. ವೆಂಟಿಲೇಟರ್ ಇದ್ದು, ಡಾಕ್ಟರಿಗೆ ಗೊತ್ತಿದ್ದರೆ ಏನೂ ಆಗುವುದಿಲ್ಲ, ಕಾಯ್ದರೆ ಸಾಕು. ಗೊತ್ತಿಲ್ಲದಿದ್ದರೆ, ಸೌಲಭ್ಯ ಇಲ್ಲದಿದ್ದರೆ ಜೀವಕ್ಕೇ ಅಪಾಯ. ದಿನನಿತ್ಯದ ಬದುಕಿನಲ್ಲಿ ಮಾತ್ರ ಈ ಕೊರತೆಯಿಂದ ಏನೇನೂ ತೊಂದರೆಯಿಲ್ಲ.

ಇದು ಆರ್ಯವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಅಂತ ಲೆಕ್ಕ. ಅವರೇನು ಪಾಪ ಮಾಡಿದ್ದಾರೆ ಅಂತಲ್ಲ. ಬಹಳ ಹಿಂದೆ ಕೆಲವೇ ಕುಟುಂಬಗಳಿಂದ ಬೆಳೆದ ಗುಂಪು, ಎಷ್ಟೋ ತಲೆಮಾರು ಒಳಗೊಳಗೇ ಮದುವೆ. ಹಾಗಾದಾಗ ಮೂಲದ ಒಬ್ಬರಲ್ಲಿದ್ದ ಒಂದು ಬದಲಾವಣೆ ಎಲ್ಲ ಕಡೆ ಹರಡುತ್ತದೆ. 2017ರಲ್ಲಿ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮುಂತಾದವರು ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿ, ಅದರಲ್ಲಿ 81ರಲ್ಲಿ ಇಂಥ ಒಳಗಟ್ಟು ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿದೆ ಅಂತ ತೋರಿಸಿದರು. ಅಂದರೆ ಪ್ರತಿ ಜಾತಿಗೂ ಅದರದೇ ಏನೋ ಒಂದು ಇರುವ ಸಾಧ್ಯತೆ ಇದೆ, ವೈಶ್ಯರದು ಮೊದಲೇ ಗೊತ್ತಾಗಿದೆ ಅಷ್ಟೇ. ನಮ್ಮಲ್ಲಿ ಸೋದರಮಾವನ ಮದುವೆ, ಅತ್ತೆ ಮಾವನ ಮಕ್ಕಳ ಮದುವೆ ಬೇರೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ತಂದೆತಾಯಿಯರನ್ನು ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳೇ ಆಗಿದ್ದರು.

ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರು ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ, "ಸಾರ್, ನೀವು ಆಸ್ಪತ್ರೆ ಕಾಗದ ಎಲ್ಲಾ ಕನ್ನಡ ಮಾಡ್ತೀರಂತಲ್ಲ, ಇದು ಒಸಿ ನೋಡಿ" ಅಂತ ಪ್ಲಾಸ್ಟಿಕ್ ಕವರಿನಿಂದ ಒಂದು ಡಿಸ್ಚಾರ್ಜ್ ಸಮರಿ ತೆಗೆದರು. ಅವರ ಹೆಂಡತಿಗೆ ವರ್ಷಗಳ ಹಿಂದೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು, ಒಂದು ನರ್ಸಿಂಗ್ ಹೋಮಿನಲ್ಲಿ. ಒಂದು ಗಂಟೆ ಅಂದಿದ್ದರು, ರಾತ್ರಿಯಾದರೂ ಹೊರಗೆ ತರಲಿಲ್ಲ. ಕೇಳಿದರೆ ‘ಅಬ್ಸರ್ವೇಷನ್’ ಅಂದರು. ಮಾರನೇ ದಿನ ಚೆನ್ನಾಗಿಯೇ ಎದ್ದು ಕೂತಿದ್ದರು. ಕಾಗದದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು: ಉಸಿರು ಮರಳಲು ತಡವಾಯಿತು, ಸ್ಯೂಡೋಕೋಲಿನೆಸ್ಟರೇಸ್ ಮಟ್ಟ ಪರೀಕ್ಷಿಸಲು ಸಲಹೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕವರು ಅಷ್ಟು ವರ್ಷ ಬೀರುವಿನ ಮೇಲೆ ಕೂತಿತ್ತು. ಈಗ ತೆಗೆದದ್ದು ಮಗಳ ಮದುವೆ ಗೊತ್ತಾಗಿದೆ, ಹಳೇ ಕಾಗದ ಎಲ್ಲ ಹೊರಗೆ ಹಾಕುತ್ತಿದ್ದರು ಅಂತ.

ಆ ಸಾಲನ್ನು ನಾನು ತಿಳಿದ ಮಟ್ಟಿಗೆ ಬಿಡಿಸಿ ಹೇಳಿ, "ಡಾಕ್ಟರ ಹತ್ರ ಹೋಗಿ ಶೆಟ್ರೇ, ಮಕ್ಕಳನ್ನೂ ಕರ್ಕೊಂಡು ಹೋಗಿ" ಅಂದೆ. ಸಾಧಾರಣ ರಕ್ತ ಪರೀಕ್ಷೆ ಸಾಕು. ಹೆಂಡತಿಯದು ತೀರಾ ಕಡಿಮೆ ಬಂತು. ಮಗನದು ನಡುವೆ. ಮಗಳದೂ ತೀರಾ ಕಡಿಮೆ.

ಆಮೇಲೆ ಶೆಟ್ಟರು ನಾಲ್ಕು ದಿನ ಅಂಗಡಿಯಲ್ಲಿ ಮಾತೇ ಆಡಲಿಲ್ಲ. ಕೊನೆಗೆ ಕೇಳಿದರು, "ಬೀಗರಿಗೆ ಹೇಳಬೇಕಾ ಸಾರ್?" ನನಗೆ ಗೊತ್ತಿತ್ತು, ಅವರು ಕೇಳುತ್ತಿರುವುದು ಕಿಣ್ವದ ಬಗ್ಗೆ ಅಲ್ಲ. ಕಾಯಿಲೆಯೇ ಅಲ್ಲದ್ದನ್ನು ಯಾರ ಮುಂದೂ ಒಪ್ಪಿಸಬೇಕಿಲ್ಲ ಅನ್ನುವುದು ನನ್ನ ಒಂದು ಮನಸ್ಸು. ಆದರೆ ನಾಳೆ ಆ ಹುಡುಗಿಗೆ ಗಂಡನ ಊರಿನಲ್ಲಿ ಅರ್ಧರಾತ್ರಿ ತುರ್ತು ಆಪರೇಷನ್ ಆದರೆ, ಅರಿವಳಿಕೆ ಡಾಕ್ಟರಿಗೆ ಉತ್ತರ ಕೊಡುವವನು ಗಂಡ. ಅವನಿಗೆ ಗೊತ್ತಿರಲೇಬೇಕು. ಇಷ್ಟು ಹೇಳಿದೆ. ತೀರ್ಮಾನ ಹುಡುಗಿಯದು ಅಂತಲೂ ಹೇಳಿದೆ, ಶೆಟ್ಟರಿಗೆ ಅದು ಅಷ್ಟು ಹಿಡಿಸಲಿಲ್ಲ.

ಹುಡುಗಿ ನಮಗೆಲ್ಲರಿಗಿಂತ ಜಾಣೆ. ಅವಳೇ ಫೋನಿನಲ್ಲಿ ಹುಡುಗನಿಗೆ ಹೇಳಿದಳಂತೆ: "ಕೆಲವರಿಗೆ ಪೆನಿಸಿಲಿನ್ ಆಗಲ್ಲ ಅಲ್ವಾ, ಹಾಗೆ ನಂಗೆ ಆಪರೇಷನ್ ಟೈಮಲ್ಲಿ ಕೊಡೋ ಒಂದು ಇಂಜೆಕ್ಷನ್ ಆಗಲ್ಲ." ಜೀನು ಇಲ್ಲ, ವಂಶ ಇಲ್ಲ, ದೋಷ ಇಲ್ಲ, ವಾಹಕ ಇಲ್ಲ. ವೈದ್ಯಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅಲರ್ಜಿಯೂ ಇದೂ ಬೇರೆ ಬೇರೆ, ವಾಪಸ್ ಇಂಗ್ಲಿಷಿಗೆ ಮಾಡುವವರು ಒಪ್ಪುವುದಿಲ್ಲ. ಆದರೆ ಹುಡುಗನಿಗೆ ತಿಳಿಯಬೇಕಾದ್ದು ಪೂರ್ತಿ ತಿಳಿಯಿತು. ಅವರದೂ ಅದೇ ಸಮುದಾಯ, ಅವನೂ ಹೋಗಿ ಟೆಸ್ಟ್ ಮಾಡಿಸಿಕೊಂಡು ಬಂದ.

ನ್ಯೂಯಾರ್ಕಿನ ಯಹೂದಿಗಳು 1983ರಿಂದ ‘ದೋರ್ ಯೆಶೋರಿಮ್’ ಅಂತ ಒಂದು ವ್ಯವಸ್ಥೆ ನಡೆಸುತ್ತಿದ್ದಾರೆ. ಟೇ-ಸ್ಯಾಕ್ಸ್ ಅನ್ನುವ ಕಾಯಿಲೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಒಬ್ಬ ರಬ್ಬಿ ಶುರು ಮಾಡಿದ್ದು. ಹುಡುಗ ಹುಡುಗಿಯರಿಗೆ ಹೆಸರಿಲ್ಲ, ನಂಬರ್ ಮಾತ್ರ. ಮದುವೆಯ ಮಾತು ಬಂದಾಗ ಎರಡು ನಂಬರ್ ಕೊಟ್ಟರೆ ಈ ಜೋಡಿ ಹೊಂದುತ್ತದೋ ಇಲ್ಲವೋ ಅಷ್ಟೇ ಹೇಳುತ್ತಾರೆ. ಯಾರು ಕ್ಯಾರಿಯರ್ ಅಂತ ಯಾರಿಗೂ ಹಣೆಪಟ್ಟಿ ಇಲ್ಲ. ನಮ್ಮಲ್ಲಿ 2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಏಳು ಕೋಟಿ ಜನರನ್ನು ಪರೀಕ್ಷಿಸಿ ಕಾರ್ಡ್ ಕೊಡುವ ಗುರಿ ಇಟ್ಟುಕೊಂಡರು, ಮದುವೆಗೆ ಮುಂಚೆ ಎರಡು ಕಾರ್ಡ್ ಜೋಡಿಸಿ ನೋಡಲಿ ಅಂತ. ಜಾತಕ ನೋಡುವ ದೇಶದಲ್ಲಿ ಇದು ಬೇಗ ಅರ್ಥವಾಗುತ್ತದೆ, ನಿಜ. ಆದರೆ ಜಾತಕ ಎಷ್ಟು ಹುಡುಗಿಯರನ್ನು ಮನೆಯಲ್ಲೇ ಕೂರಿಸಿದೆ ಅನ್ನುವುದೂ ನಮಗೆ ಗೊತ್ತು. ಕಾರ್ಡ್ ಕೈಗೆ ಕೊಡುವ ಆಶಾ ಕಾರ್ಯಕರ್ತೆ ಯಾವ ಮಾತು ಆಡಿ ಕೊಡುತ್ತಾಳೆ ಅನ್ನುವುದರ ಮೇಲೆ ಎಷ್ಟೋ ನಿಂತಿದೆ. ಅವಳಿಗೆ ಆ ಮಾತು ಬರೆದುಕೊಡುವವರು ಹುಷಾರಾಗಿ ಬರೆಯಬೇಕು.

ಇನ್ನೊಂದು ಮಾತು. ಆಪರೇಷನ್‌ಗೆ ಮುಂಚೆ ‘ನೀವು ವೈಶ್ಯರಾ’ ಅಂತ ಜಾತಿ ಕೇಳುವ ಡಾಕ್ಟರು ಇದ್ದಾರೆ. ಕಾರಣ ಗೊತ್ತಿದ್ದರೆ ತಪ್ಪು ಅನ್ನಲಾರೆ. ಆದರೆ ವೈಶ್ಯರಲ್ಲಿ ಬಹುಪಾಲು ಜನರಿಗೆ ಈ ಕೊರತೆ ಇಲ್ಲ, ಬೇರೆಯವರಲ್ಲೂ ಅಪರೂಪಕ್ಕೆ ಇರುತ್ತದೆ. ‘ನಿಮ್ಮ ಕಡೆ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರ ಆಗೋದು, ಉಸಿರು ಬರೋದು ತುಂಬ ತಡ ಆಗಿತ್ತಾ?’ ಅಂತ ಕೇಳಿದರೆ ಶಿವಾಜಿನಗರದ ಚಾಚಾಗೂ ಉತ್ತರ ಗೊತ್ತಿರುತ್ತದೆ, ರಾಯಚೂರಿನ ಗೌಂಡಿಗೂ ಗೊತ್ತಿರುತ್ತದೆ.

ಶೆಟ್ಟರ ಮಗಳಿಗೆ ಡಾಕ್ಟರು ಹೇಳಿದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಔಷಧದ ಹೆಸರು, ಕೆಳಗೆ ಕನ್ನಡದಲ್ಲಿ, ಅದರ ಕೆಳಗೆ ಅವಳೇ ಬರೆದ ತೆಲುಗಿನಲ್ಲಿ, ಈ ಇಂಜೆಕ್ಷನ್ ಕೊಡಬೇಡಿ ಅಂತ. ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಮದುವೆ ಊಟ ಚೆನ್ನಾಗಿತ್ತು.

ಈಗ ಮೇಜಿನ ಮೇಲೆ ಇನ್ನೊಂದು ಪತ್ರ ಬಂದು ಕೂತಿದೆ, ಹದಿನಾಲ್ಕು ಪುಟ. ‘ಕ್ಯಾರಿಯರ್’ ಪದ ಹನ್ನೊಂದು ಸಲ ಇದೆ. ವಾಹಕ ಬೇಡ ಅಂತ ತೀರ್ಮಾನವಾಗಿದೆ. ‘ಒಂದು ಪ್ರತಿ ಇರುವವರು’ ಅಂತ ಸದ್ಯಕ್ಕೆ ಬರೆದಿದ್ದೇನೆ, ಉದ್ದವಾಯಿತು. ನಿಮ್ಮ ಊರ ಕಡೆ ಇದಕ್ಕೆ ಯಾವುದಾದರೂ ಒಳ್ಳೆಯ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಶುಕ್ರವಾರದ ಒಳಗೆ ಬೇಕು.